ಆರೈಕೆ ಕೇಂದ್ರಗಳಲ್ಲಿರುವ ಹಿರಿಯರಿಗೆ ಕಾನೂನು ನೆರವು ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯ ಕಾರ್ಯದರ್ಶಿಯವರು,
ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ರಾಯಚೂರು.

ವಿಷಯ: ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ವೃದ್ಧಾಶ್ರಮ, ನರ್ಸಿಂಗ್ ಹೋಂ ಮತ್ತು ಆರೈಕೆ ಕೇಂದ್ರಗಳಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾಗುವ ಹಿರಿಯ ನಾಗರಿಕರಿಗೆ ಉಚಿತ ಕಾನೂನು ನೆರವು ಒದಗಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ಮೂರು ತಾಲ್ಲೂಕುಗಳ ಹಿರಿಯ ನಾಗರಿಕರು ಮತ್ತು ಅವರ ಕುಟುಂಬದವರ ಪರವಾಗಿ ಸಲ್ಲಿಸಲಾಗುತ್ತಿರುವ ಈ ಮನವಿಯ ತಿರುಳು ಇಷ್ಟೇ: ಹಿರಿಯರ ರಕ್ಷಣೆಗೆ ಕಾನೂನುಗಳ ಕೊರತೆಯಿಲ್ಲ, ಆದರೆ ಅವು ಬಹುಮಟ್ಟಿಗೆ ನೊಂದವರು ತಾವಾಗಿಯೇ ಕಚೇರಿಯ ಮೆಟ್ಟಿಲು ಹತ್ತಿ ಬರುತ್ತಾರೆಂಬ ನಂಬಿಕೆಯ ಮೇಲೆ ನಿಂತಿವೆ. ಹಾಸಿಗೆ ಹಿಡಿದ ವೃದ್ಧೆಯ ಊಟ, ಔಷಧ, ಮೊಬೈಲ್, ಆಧಾರ್ ಕಾರ್ಡ್, ಪಿಂಚಣಿಯ ಪಾಸ್‌ಬುಕ್ ಎಲ್ಲವೂ ಯಾರ ವಶದಲ್ಲಿವೆಯೋ ಅವರ ಮೇಲೆಯೇ ಆಕೆ ದೂರು ಕೊಡಬೇಕಾಗಿರುವಾಗ ಆ ದೂರು ಹೊರಗೆ ಬರುವುದು ಅಸಾಧ್ಯಕ್ಕೆ ಸಮೀಪದ ಮಾತು. ಆದ್ದರಿಂದ ಕಾನೂನೇ ಆಕೆಯ ಮಂಚದ ಬಳಿಗೆ ಹೋಗುವ ವ್ಯವಸ್ಥೆಯಾಗಬೇಕೆಂದು ಕೋರಲಾಗಿದೆ.

ಈ ಭಾಗದಲ್ಲಿ ಪ್ರಶ್ನೆ ಇನ್ನಷ್ಟು ತೀವ್ರವಾಗಲು ಕಾರಣಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಲುಪುವ ಸಿಂಧನೂರಿನ ಭತ್ತದ ಬಯಲಿನಲ್ಲಿ ಭೂಮಿಯ ಬೆಲೆ ಏರಿ ಆಸ್ತಿಗಾಗಿ ಹಿರಿಯರ ಮೇಲೆ ಒತ್ತಡ ಬೀಳುತ್ತದೆ. ನೀರು ತಲುಪದ ಮಸ್ಕಿ ಮತ್ತು ಲಿಂಗಸುಗೂರಿನ ಒಣಭೂಮಿಯ ಹಳ್ಳಿಗಳಿಂದ ದುಡಿಯುವ ವಯಸ್ಸಿನವರು ಬೆಂಗಳೂರು ಮುಂತಾದ ನಗರಗಳಿಗೆ ಗುಳೆ ಹೋಗುವುದರಿಂದ ಮುದುಕರು ನೆರೆಯವರ ಕೈಗೋ ಆಶ್ರಮದ ಕೈಗೋ ಬೀಳುತ್ತಾರೆ. ಒಂದೆಡೆ ಆಸ್ತಿ ಇರುವುದರಿಂದ, ಇನ್ನೊಂದೆಡೆ ಏನೂ ಇಲ್ಲದಿರುವುದರಿಂದ, ಎರಡೂ ಕಡೆ ಮುಪ್ಪು ನಿರ್ಗತಿಕವಾಗುತ್ತಿದೆ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಮನೆಮಾತಿನ ವೃದ್ಧರಿಗೆ ಕನ್ನಡದ ಅರ್ಜಿ ನಮೂನೆ ಓದಿ ತಿಳಿಸುವವರೂ ಬೇಕಾಗುತ್ತದೆ.

2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲ ಅವರು, ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೊಂದರಲ್ಲಿಯೇ 150ಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಬಿಟ್ಟುಹೋಗಿರುವ ಸಂಗತಿ ಗಮನಕ್ಕೆ ಬಂದ ಮೇಲೆ, ಇಂಥ ಪ್ರಕರಣಗಳಲ್ಲಿ ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರಿಗೆ ದೂರು ಸಲ್ಲಿಸುವಂತೆ ವೈದ್ಯಕೀಯ ಸಂಸ್ಥೆಗಳಿಗೆ ಸೂಚಿಸಿದ್ದರು. ಸೂಚನೆ ಸ್ವಾಗತಾರ್ಹವಾದರೂ ಅದು ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಸಂಬಂಧಿಸಿದ್ದು. ತಾಲ್ಲೂಕು ಕೇಂದ್ರದ ಖಾಸಗಿ ನರ್ಸಿಂಗ್ ಹೋಂಗೂ, ದಾನಿಗಳ ನೆರವಿನಿಂದ ನಡೆಯುವ ಆಶ್ರಮಕ್ಕೂ ಅದು ಅನ್ವಯವಾಗುವುದಿಲ್ಲ.

ಹೊರಗಿನವರ ಕಣ್ಣು ಬೀಳದ ಕೇಂದ್ರದೊಳಗೆ ಏನಾಗಬಹುದೆಂಬುದಕ್ಕೆ ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯಲ್ಲಿ 2023ರ ಫೆಬ್ರುವರಿಯಲ್ಲಿ ಬಯಲಾದ ಪ್ರಕರಣ ಸಾಕ್ಷಿ. ಅಲ್ಲಿನ ಆಶ್ರಮವೊಂದಕ್ಕೆ ಸೇರಿಸಲ್ಪಟ್ಟಿದ್ದ ವೃದ್ಧರೊಬ್ಬರನ್ನು ಬಂಧುವೊಬ್ಬರು ವಿಚಾರಿಸಲು ಹೋದಾಗ, ಅವರನ್ನು ಬೆಂಗಳೂರಿನ ಬೇರೊಂದು ಆಶ್ರಮಕ್ಕೆ ಕಳುಹಿಸಲಾಗಿದೆ ಎಂಬ ಉತ್ತರ ದೊರೆತು, ಬೆಂಗಳೂರಿನಲ್ಲಿಯೂ ಅವರು ಪತ್ತೆಯಾಗದೆ ಹೋದಾಗ ಮದ್ರಾಸ್ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು, ಅಂದರೆ ಅಕ್ರಮವಾಗಿ ಹಿಡಿದಿಡಲಾಗಿದೆ ಎನ್ನಲಾದ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲು ಕೋರುವ ಅರ್ಜಿಯನ್ನು, ಸಲ್ಲಿಸಬೇಕಾಯಿತು. ಅದರ ಬಳಿಕವಷ್ಟೇ ಅಧಿಕಾರಿಗಳು ಒಳಹೊಕ್ಕರು. ಪರವಾನಗಿಯಿಲ್ಲದೆ ನಡೆಯುತ್ತಿದ್ದ ಆ ಕೇಂದ್ರದಿಂದ 140ಕ್ಕೂ ಹೆಚ್ಚು ಜನರನ್ನು ಹೊರತರಲಾಯಿತು. ಹುಡುಕಿಕೊಂಡು ಬರುವ ಬಂಧುವೇ ಇಲ್ಲದವರ ಪಾಡೇನೆಂಬುದನ್ನು ಪ್ರಾಧಿಕಾರವು ಪರಿಗಣಿಸಬೇಕು.

ಇಂಥ ಸಂದರ್ಭದಲ್ಲಿ ಬಳಸಬಹುದಾದ ಕಾನೂನುಗಳು ಬೇರೆಬೇರೆ ಇಲಾಖೆಗಳಲ್ಲಿ ಚದುರಿಹೋಗಿರುವುದೇ ಮೊದಲ ತೊಡಕು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು 60 ವರ್ಷ ತುಂಬಿದವರಿಗೆ ಮಕ್ಕಳಿಂದ, ಮಕ್ಕಳಿಲ್ಲದಿದ್ದರೆ ಆಸ್ತಿಗೆ ವಾರಸುದಾರರಾಗುವ ಸಂಬಂಧಿಗಳಿಂದ, ಪೋಷಣೆ ಪಡೆಯುವ ಹಕ್ಕು ನೀಡುತ್ತದೆ. ಪೋಷಣೆ ಎಂದರೆ ಅನ್ನ, ಬಟ್ಟೆ, ವಸತಿಗಳಷ್ಟೇ ಅಲ್ಲದೆ ವೈದ್ಯಕೀಯ ಉಪಚಾರವೂ ಹೌದು. ಇದನ್ನು ವಿಚಾರಿಸುವ ನ್ಯಾಯಮಂಡಳಿಗೆ ಉಪವಿಭಾಗದ ಸಹಾಯಕ ಆಯುಕ್ತರು ಮುಖ್ಯಸ್ಥರಾಗಿದ್ದು, ಈ ಮೂರೂ ತಾಲ್ಲೂಕುಗಳ ಅರ್ಜಿಗಳು ಲಿಂಗಸುಗೂರಿಗೆ ಹೋಗಬೇಕು. ಆದರೆ ಈ ನ್ಯಾಯಮಂಡಳಿಯು ಮಾಸಾಶನ ಕೊಡುವಂತೆ ಮಗನಿಗೆ ಆದೇಶಿಸಬಲ್ಲದೇ ಹೊರತು, ಹೊಡೆದ ಆಯಾಳ ಮೇಲಾಗಲಿ ಔಷಧ ಕೊಡದ ಕೇಂದ್ರದ ಮಾಲೀಕರ ಮೇಲಾಗಲಿ ಪರಿಹಾರ ವಿಧಿಸಲಾರದು. ಅದಕ್ಕೆ ಪೊಲೀಸ್ ಠಾಣೆ, ಗ್ರಾಹಕರ ಆಯೋಗ, ಮತ್ತು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಹಾಗೂ ಕುಂದುಕೊರತೆ ನಿವಾರಣಾ ಪ್ರಾಧಿಕಾರ ಎಂಬ ಮೂರು ಬೇರೆ ಬಾಗಿಲುಗಳಿವೆ. ನರ್ಸಿಂಗ್ ಹೋಂ ಈ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಚಿಕಿತ್ಸೆ ನೀಡದೆ ಆಶ್ರಯವನ್ನಷ್ಟೇ ಕೊಡುವ ವೃದ್ಧಾಶ್ರಮ ಬರುವುದಿಲ್ಲ. ಒಬ್ಬ ನರ್ಸನ್ನು ನೇಮಿಸಿಕೊಂಡು ಹಾಸಿಗೆ ಹಿಡಿದವರನ್ನು ಇರಿಸಿಕೊಳ್ಳುವ ಮನೆ ಯಾರ ತಪಾಸಣೆಗೆ ಒಳಪಡಬೇಕೆಂಬುದು ಇಲಾಖೆಗಳ ನಡುವೆ ಜಾರಿಹೋಗುವ ವಿಷಯವಾಗಿದೆ. ಖಾಸಗಿ ಆರೈಕೆ ಮನೆಗಳ ನೋಂದಣಿಯನ್ನು ಕಡ್ಡಾಯಗೊಳಿಸಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಪೋಷಣೆ ಕಾಯ್ದೆಯ ತಿದ್ದುಪಡಿ ಮಸೂದೆಯು ಆ ಸದನದ ಅವಧಿಯೊಂದಿಗೇ 2024ರಲ್ಲಿ ಬಿದ್ದುಹೋಯಿತು.

ಹೀಗಿದ್ದರೂ ಕಡೆಗಣಿಸಲ್ಪಟ್ಟಿರುವ ಎರಡು ಕಲಂಗಳು ಬಲವಾಗಿವೆ. 2007ರ ಪೋಷಣೆ ಕಾಯ್ದೆಯ 24ನೇ ಕಲಂ, ಹಿರಿಯ ನಾಗರಿಕರ ಆರೈಕೆ ಅಥವಾ ರಕ್ಷಣೆಯ ಹೊಣೆ ಹೊತ್ತ ಯಾರೇ ಆಗಲಿ ಅವರನ್ನು ಪೂರ್ಣವಾಗಿ ತ್ಯಜಿಸುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ 3 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಇಲ್ಲಿ ‘ಯಾರೇ’ ಎಂಬುದರಲ್ಲಿ ಮಕ್ಕಳಷ್ಟೇ ಅಲ್ಲ, ಶುಲ್ಕ ನಿಂತಿತೆಂದು ರೋಗಿಯನ್ನು ಬಸ್ ನಿಲ್ದಾಣದಲ್ಲಿ ಇಳಿಸಿ ಬರುವ ಕೇಂದ್ರದವರೂ ಸೇರುತ್ತಾರೆ. ಇದು ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದಾದ ಅಪರಾಧ. ಇನ್ನೊಂದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ: ರೋಗ ಅಥವಾ ದೈಹಿಕ ದುರ್ಬಲತೆಯಿಂದ ಅಸಹಾಯಕರಾದವರನ್ನು ನೋಡಿಕೊಳ್ಳುವುದಾಗಿ ಕಾನೂನುಬದ್ಧ ಒಪ್ಪಂದ ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದಿದ್ದರೆ ಅದು ಅಪರಾಧವಾಗುತ್ತದೆ. ತಿಂಗಳ ಹಣ ಪಡೆದು ಆರೈಕೆ ಮಾಡದ ಕೇಂದ್ರಕ್ಕೆ ಇದಕ್ಕಿಂತ ನೇರವಾಗಿ ಹೊಂದುವ ಕಲಂ ಬೇರೊಂದಿಲ್ಲ.

ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಕಷ್ಟದ ಬಗ್ಗೆ ಇಲ್ಲಿ ತುಸು ವಿವರವಾಗಿ ಹೇಳುವುದು ಅಗತ್ಯ. ಏಟಿನ ಗುರುತು ಎಲ್ಲರಿಗೂ ಕಾಣುತ್ತದೆ; ಹಾಸಿಗೆ ಹುಣ್ಣು ಹೊದಿಕೆಯ ಕೆಳಗಿರುತ್ತದೆ. ಸ್ವತಃ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಟೊಂಕ, ಹಿಮ್ಮಡಿ, ಬೆನ್ನಿನ ಬುಡದಲ್ಲಿ ಎಲುಬಿನ ಒತ್ತಡಕ್ಕೆ ರಕ್ತಸಂಚಾರ ನಿಂತು ಚರ್ಮ ಮೊದಲು ಕೆಂಪಾಗಿ, ಬಳಿಕ ಒಡೆದು, ಕೊನೆಗೆ ಎಲುಬು ಕಾಣುವಷ್ಟು ಆಳಕ್ಕೆ ಕೊಳೆಯುತ್ತದೆ. ಇಷ್ಟು ಆಳದ ಹುಣ್ಣು ರಾತ್ರೋರಾತ್ರಿ ಆಗುವುದಿಲ್ಲವಾದ್ದರಿಂದ, ಅದರ ದಿನಾಂಕಸಹಿತ ಫೋಟೋ, ಸೇರಿಸಿದ ದಿನದ ಹಾಗೂ ಇಂದಿನ ದೇಹತೂಕ, ಮಗ್ಗುಲು ಬದಲಿಸಿದ ಬಗೆಗಿನ ನರ್ಸಿನ ದಾಖಲೆ, ಔಷಧದ ಚೀಟಿಗಳು ಸೇರಿದರೆ ನಿರ್ಲಕ್ಷ್ಯದ ಕಾಲಾವಧಿಯನ್ನೇ ಅವು ಹೇಳುತ್ತವೆ. ಇವನ್ನು ಸಂಗ್ರಹಿಸುವವರಿಲ್ಲದೆ ವ್ಯಕ್ತಿ ತೀರಿಕೊಂಡು ಮಣ್ಣಾದರೆ ಸಾಕ್ಷ್ಯವೂ ಅಲ್ಲಿಗೇ ಮುಗಿಯುತ್ತದೆ; ‘ವಯಸ್ಸಾಗಿತ್ತು’ ಎಂಬ ಒಂದು ಮಾತು ಎಷ್ಟೋ ಕಡತಗಳನ್ನು ತೆರೆಯುವ ಮೊದಲೇ ಮುಚ್ಚಿಬಿಡುತ್ತದೆ.

ಈ ಹಿನ್ನೆಲೆಯಲ್ಲಿ ಪ್ರಾಧಿಕಾರದ ಮುಂದಿಡುವ ಬೇಡಿಕೆಗಳಲ್ಲಿ ಮುಖ್ಯವಾದುದು, ಮೂರೂ ತಾಲ್ಲೂಕುಗಳ ಪ್ರತಿಯೊಂದು ವೃದ್ಧಾಶ್ರಮ ಹಾಗೂ ದೀರ್ಘಾವಧಿ ರೋಗಿಗಳನ್ನು ಇರಿಸಿಕೊಳ್ಳುವ ನರ್ಸಿಂಗ್ ಹೋಂಗೆ ಅರೆ ಕಾನೂನು ಸ್ವಯಂಸೇವಕರು, ಅಂದರೆ ಪ್ರಾಧಿಕಾರದಿಂದ ತರಬೇತಿ ಪಡೆದು ಜನರಿಗೂ ವಕೀಲರಿಗೂ ನಡುವೆ ಕೊಂಡಿಯಾಗಿರುವವರು, ತಿಂಗಳಿಗೊಮ್ಮೆ ಮುನ್ಸೂಚನೆಯಿಲ್ಲದೆ ಭೇಟಿ ನೀಡಿ, ವ್ಯವಸ್ಥಾಪಕರು ಪಕ್ಕದಲ್ಲಿಲ್ಲದಂತೆ ನಿವಾಸಿಗಳೊಡನೆ ಮಾತನಾಡಬೇಕೆಂಬುದು. ಮಹಿಳಾ ನಿವಾಸಿಗಳ ಬಳಿಗೆ ಮಹಿಳೆಯರೇ ಹೋಗಬೇಕು. ಮೇಲೆ ಹೇಳಿದ ಬಗೆಯ ಗಾಯ ಕಂಡಲ್ಲಿ ಸರ್ಕಾರಿ ವೈದ್ಯರಿಂದ ಅದೇ ದಿನ ತಪಾಸಣೆ ಮಾಡಿಸಿ ದಾಖಲೆಗಳ ಪ್ರತಿಯನ್ನು ವಶಕ್ಕೆ ಪಡೆಯುವ ಕ್ರಮವನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳೊಡನೆ ಸೇರಿ ರೂಪಿಸಬೇಕು.

ಪೋಷಣೆ ಕಾಯ್ದೆಯ 5ನೇ ಕಲಂ ಪ್ರಕಾರ ಅಶಕ್ತರ ಪರವಾಗಿ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು, ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿಯೂ ವಿಚಾರಣೆ ಆರಂಭಿಸಬಹುದು. ಭೇಟಿಯ ವರದಿಗಳನ್ನು ಲಿಂಗಸುಗೂರು ಸಹಾಯಕ ಆಯುಕ್ತರಿಗೆ ಕಳುಹಿಸಿದರೆ ಈ ಅಧಿಕಾರ ಬಳಕೆಗೆ ಬರುತ್ತದೆ. ಮಾಸಾಶನದ ಅರ್ಜಿ ನೋಟಿಸ್ ತಲುಪಿದ 90 ದಿನಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ಸಿಂಧನೂರಿನಿಂದ ಲಿಂಗಸುಗೂರಿಗೆ 50 ಕಿಲೋಮೀಟರಿಗೂ ಹೆಚ್ಚು ದೂರವಿದ್ದು, ಪಕ್ಷಾಘಾತವಾದವರನ್ನು ಬಸ್ಸಿನಲ್ಲಿ ಕರೆತಂದು ‘ಮುಂದಿನ ತಾರೀಕು’ ಪಡೆದು ಹೋಗುವಂತೆ ಮಾಡುವುದು ಕಾಯ್ದೆಯ ಆಶಯಕ್ಕೆ ತದ್ವಿರುದ್ಧ. ಸಿಂಧನೂರು ಮತ್ತು ಮಸ್ಕಿಯ ತಹಶೀಲ್ದಾರ್ ಕಚೇರಿಗಳಲ್ಲಿ ನ್ಯಾಯಮಂಡಳಿಯ ಕಲಾಪ ನಿಯಮಿತವಾಗಿ ನಡೆಯುವಂತೆ ಪ್ರಾಧಿಕಾರವು ಜಿಲ್ಲಾಡಳಿತಕ್ಕೆ ಶಿಫಾರಸು ಮಾಡಬೇಕು.

ನೆರವಿನ ಅರ್ಹತೆಯಲ್ಲಿಯೂ ಸ್ಪಷ್ಟತೆ ಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಎಲ್ಲ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಉಳಿದವರ ಆದಾಯಕ್ಕೆ ಪ್ರಮಾಣಪತ್ರವೇ ಬೇಕೆಂದಿಲ್ಲ, 13ನೇ ಕಲಂ ಅಫಿಡವಿಟ್ ಸಾಕೆನ್ನುತ್ತದೆ. ಹಾಸಿಗೆಯಲ್ಲಿರುವವರನ್ನು ಆದಾಯ ಪತ್ರಕ್ಕಾಗಿ ನಾಡಕಚೇರಿಗೆ ಅಟ್ಟುವುದು ನಿಲ್ಲಬೇಕು. ಪೋಷಣಾ ನ್ಯಾಯಮಂಡಳಿಯಲ್ಲಿ ವಕೀಲರು ವಾದಿಸುವಂತಿಲ್ಲ ಎಂಬ ಪೋಷಣೆ ಕಾಯ್ದೆಯ 17ನೇ ಕಲಮನ್ನು ಕೇರಳ ಹೈಕೋರ್ಟ್ 2021ರಲ್ಲಿ ಅಸಿಂಧುಗೊಳಿಸಿರುವುದನ್ನು ಗಮನಿಸಿ, ಇಲ್ಲಿ ಕನಿಷ್ಠಪಕ್ಷ ಅರ್ಜಿ ಬರೆಯುವ ಹಂತದಲ್ಲಿ ವಕೀಲರನ್ನೂ, ವಿಚಾರಣೆಯ ಹಂತದಲ್ಲಿ 18ನೇ ಕಲಂ ಪ್ರಕಾರ ಹಿರಿಯರನ್ನು ಪ್ರತಿನಿಧಿಸಬೇಕಾದ ಪೋಷಣಾಧಿಕಾರಿಯನ್ನೂ ಒದಗಿಸಬೇಕು.

ದಾನಪತ್ರದ ವಿಷಯ ಆರೈಕೆಯ ಪ್ರಶ್ನೆಯಿಂದ ದೂರವಿಲ್ಲ, ಏಕೆಂದರೆ ಹೊಲ ಬರೆಸಿಕೊಂಡ ಮೇಲೆಯೇ ಹಲವರು ಆಶ್ರಮದ ಪಾಲಾಗುತ್ತಾರೆ. 23ನೇ ಕಲಂ ಪ್ರಕಾರ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ನ್ಯಾಯಮಂಡಳಿ ಹಿಂದಿರುಗಿಸಬಹುದು; ಆದರೆ ಅಂಥ ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿದ್ದರೂ, ಹೆಬ್ಬೆಟ್ಟು ಒತ್ತುವ ಮೊದಲೇ ಷರತ್ತಿನ ಸಾಲೊಂದು ಪತ್ರದಲ್ಲಿದ್ದರೆ ಈ ತರ್ಕಗಳ ಗೊಡವೆಯೇ ಇರುವುದಿಲ್ಲ. ಈ ಭಾಗದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ 60 ದಾಟಿದವರ ದಾನಪತ್ರ ನೋಂದಣಿಗೆ ಮುನ್ನ 23ನೇ ಕಲಮನ್ನು ಓದಿ ಹೇಳುವಂತೆ ಪ್ರಾಧಿಕಾರ ಸೂಚನೆ ಕೊಡಿಸಬೇಕು.

ದೂರು ಕೊಟ್ಟವರಿಗೆ ಅದೇ ಸಂಜೆ ಮಲಗಲು ಬೇರೆ ಜಾಗ ಇಲ್ಲದಿದ್ದರೆ ಮೇಲಿನ ಯಾವ ಕ್ರಮವೂ ಫಲ ಕೊಡದು. ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸರ್ಕಾರಿ ವೃದ್ಧಾಶ್ರಮ ಕಲ್ಪಿಸಬಹುದೆನ್ನುವ 19ನೇ ಕಲಮನ್ನು ಆಧರಿಸಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಲಿಂಗಸುಗೂರು ಉಪವಿಭಾಗಕ್ಕೆ ತುರ್ತು ಆಶ್ರಯ ಕೇಂದ್ರವೊಂದನ್ನು ಮಂಜೂರು ಮಾಡಿಸಲು ಪ್ರಾಧಿಕಾರ ಸರ್ಕಾರಕ್ಕೆ ಬರೆಯಬೇಕು. ಅಲ್ಲಿಯವರೆಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥವರಿಗೆಂದು ಹಾಸಿಗೆ ಕಾಯ್ದಿರಿಸಬೇಕು. ಪ್ರತಿ ಕೇಂದ್ರದ ನಿವಾಸಿಗಳ ಕೋಣೆಯ ಗೋಡೆಯ ಮೇಲೆ ಹಿರಿಯರ ಸಹಾಯವಾಣಿ 14567 ಮತ್ತು ಕಾನೂನು ನೆರವಿನ 15100 ಸಂಖ್ಯೆಗಳನ್ನು ಮಂಚದಿಂದ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಬರೆಸಬೇಕು.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದೂ, ಮೊದಲ ಸುತ್ತಿನ ಭೇಟಿಗಳ ವೇಳಾಪಟ್ಟಿಯನ್ನು ಮೂರೂ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿಗೆ ಗೋಪ್ಯವಾಗಿ ಕಳುಹಿಸಬೇಕೆಂದೂ ಕೋರಲಾಗಿದೆ.

ಪ್ರತಿಗಳು: ಜಿಲ್ಲಾಧಿಕಾರಿಗಳು, ರಾಯಚೂರು, ಸಹಾಯಕ ಆಯುಕ್ತರು, ಲಿಂಗಸುಗೂರು, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ರಾಯಚೂರು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ರಾಯಚೂರು.