ಬಸ್ಸಿನಲ್ಲಿ ಬಂದವನೇ ಕೊಡಗಿಗೆ ಭಾರವೆ?

ಪೊನ್ನಂಪೇಟೆ: ಪ್ರವಾಸಿಗಳು ಕೊಡಗನ್ನು ಹಾಳುಮಾಡುತ್ತಿದ್ದಾರೆ ಎಂಬ ಕೂಗು ಕೆಲವು ವರ್ಷಗಳಿಂದ ಜೋರಾಗಿ ಎದ್ದಿದೆ. ಕೂಗುವವರು ಯಾರು, ಬೆರಳು ತೋರಿಸುವುದು ಯಾರ ಕಡೆಗೆ ಎಂಬುದನ್ನು ವಾಚಕರು ಗಮನವಿಟ್ಟು ನೋಡಬೇಕು. ಕಾಫಿ ತೋಟದ ನಡುವೆ ಈಜುಕೊಳ ತೋಡಿಸಿ, ಒಂದು ರಾತ್ರಿ ಮಲಗುವುದಕ್ಕೆ ಗಿರಣಿ ಕೂಲಿಕಾರನ ತಿಂಗಳ ಸಂಬಳವನ್ನೇ ಕೇಳುವವರ ಕಡೆಗಲ್ಲ. ಬೆಳಗ್ಗೆ ಬಸ್ಸಿನಲ್ಲಿ ಬಂದು, ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ ಉಂಡು, ಸಂಜೆ ಬಸ್ಸಿನಲ್ಲಿ ಊರಿಗೆ ಮರಳುವವನ ಕಡೆಗೆ. ಅವನು ಕಸ ಹಾಕುತ್ತಾನಂತೆ. ರಸ್ತೆ ತುಂಬಿಸುತ್ತಾನಂತೆ. ಅದಕ್ಕಿಂತ ದೊಡ್ಡ ಅಪರಾಧವೆಂದರೆ ಖರ್ಚು ಮಾಡುವುದಿಲ್ಲವಂತೆ! ಆದ್ದರಿಂದ ಕೊಪ್ಪ, ಸಂಪಾಜೆ, ತಿತಿಮತಿ, ಪೆರುಂಬಾಡಿ, ಕುಟ್ಟ ಎಲ್ಲ ಬಾಗಿಲುಗಳಲ್ಲೂ ಸುಂಕದ ಕಟ್ಟೆ ಹಾಕಿ ಅವನನ್ನು ಅಲ್ಲೇ ಸೋಸಿಬಿಡಿ, ನಮಗೆ ಬೇಕಾದದ್ದು ‘ಗುಣಮಟ್ಟದ ಪ್ರವಾಸಿ’ ಮಾತ್ರ, ಎಂಬುದು ಈ ಮಹಾಶಯರ ವಾದ.

ಗುಣಮಟ್ಟದ ಪ್ರವಾಸಿ ಎಂದರೇನು? ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಕಾಫಿ ಬೀಜವನ್ನು ಜರಡಿ ಹಿಡಿದು, ಒಡಕು ಬೀಜ, ಕಪ್ಪು ಬೀಜ ಆರಿಸಿ ತೆಗೆದು ದರ್ಜೆ ಕಟ್ಟುತ್ತಾರೆ. ಇಡೀ ದಿನ ಕುಳಿತು ಬೀಜ ಆರಿಸುವ ನಮ್ಮ ಅಕ್ಕಂದಿರಿಗೆ ಆ ಕೆಲಸದ ಕಷ್ಟ ಗೊತ್ತು. ಈಗ ಅದೇ ಜರಡಿಯನ್ನು ಮನುಷ್ಯರ ಮೇಲೆ ಹಿಡಿಯಲು ಹೊರಟಿದ್ದಾರೆ. ಜೇಬಿನ ಗಾತ್ರ ನೋಡಿ ದರ್ಜೆ ಕಟ್ಟಿದರೆ, ಬೀಜ ಆರಿಸುವ ಹೆಂಗಸೇ ಮೊದಲು ಜರಡಿಯಿಂದ ಕೆಳಗೆ ಉದುರುವವಳು.

ಒಂದು ದಿನದ ಯಾತ್ರೆ ಈಗ ಹುಟ್ಟಿಕೊಂಡ ಪಿಡುಗೇನೂ ಅಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರು, ಶಿವರಾತ್ರಿಗೆ ಇರ್ಪಿನಲ್ಲಿ ಲಕ್ಷ್ಮಣತೀರ್ಥದ ನೀರು ತಲೆಗೆ ಹಾಕಿಕೊಂಡು ರಾಮೇಶ್ವರನಿಗೆ ಕೈಮುಗಿದು ಬರುವವರು ಯಾವ ಹೋಟೆಲಿನ ಕೋಣೆಯನ್ನೂ ಕಾದಿರಿಸಿದವರಲ್ಲ. ದುಡಿಯುವ ಜನರಿಗೆ ವಿಹಾರವೆಂದರೆ ಅಂದಿನಿಂದ ಇಂದಿನವರೆಗೆ ಒಂದೇ ದಿನದ್ದು, ಏಕೆಂದರೆ ಅವರಿಗೆ ಸಿಗುವ ರಜೆ ಒಂದೇ ದಿನದ್ದು. ಈ ಜಿಲ್ಲೆಗೆ ರೈಲು ಇಲ್ಲ, ಬಂದರೆ ಬಸ್ಸಿನಲ್ಲೇ ಬರಬೇಕು. 2023ರ ಜೂನ್ 11ರಂದು ರಾಜ್ಯ ಸರಕಾರ ‘ಶಕ್ತಿ’ ಯೋಜನೆ ತಂದು ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಟಿಕೇಟಿನ ಹಣ ಮನ್ನಾ ಮಾಡಿದ ಮೇಲೆ, ಮೈಸೂರು, ನಂಜನಗೂಡು, ಹುಣಸೂರಿನ ಕಡೆಯ ಎಷ್ಟೋ ಮಂದಿ ಕೂಲಿ ಹೆಂಗಸರು ಮೊದಲ ಬಾರಿಗೆ ಮಕ್ಕಳ ಕೈಹಿಡಿದು ಬೆಟ್ಟ, ಹೊಳೆ ನೋಡಲು ಹೊರಟರು. ಅಂದಿನಿಂದಲೇ ಈ ‘ಗುಣಮಟ್ಟ’ದ ಮಾತು ಹೆಚ್ಚು ಕೇಳುತ್ತಿರುವುದು ಕಾಕತಾಳೀಯವೆಂದು ನಂಬಲು ನಾನಂತೂ ಸಿದ್ಧನಿಲ್ಲ. ಶಾಲಾ ಮಕ್ಕಳ ಪ್ರವಾಸವೂ ಇದೇ ಬಗೆಯದು. ತಲೆಗೆ ಇಷ್ಟೆಂದು ಹಣ ಒಟ್ಟುಮಾಡುವಾಗ ಹತ್ತು ರೂಪಾಯಿ ಹೆಚ್ಚಾದರೂ ಹಿಂದಿನ ಬೆಂಚಿನಲ್ಲಿ ಎಷ್ಟು ಮಕ್ಕಳು ತಲೆ ತಗ್ಗಿಸುತ್ತಾರೆಂಬುದು ಪಾಠ ಹೇಳಿದವರಿಗೆ ಗೊತ್ತು.

ಅವನು ಖರ್ಚು ಮಾಡುವುದಿಲ್ಲ ಎಂಬ ದೂರನ್ನು ಗೋಣಿಕೊಪ್ಪಲಿನ, ಪೊನ್ನಂಪೇಟೆಯ, ಶ್ರೀಮಂಗಲದ ಅಂಗಡಿಯವರ ಮುಂದೆ ಹೇಳಿ ನೋಡಲಿ. ಬಸ್ಸು ಬಂದು ನಿಂತರೆ ಐವತ್ತು ಜನ ಇಳಿಯುತ್ತಾರೆ. ಚಹ ಕುಡಿಯುತ್ತಾರೆ, ಬಾಳೆಹಣ್ಣು ಕೊಳ್ಳುತ್ತಾರೆ, ಮಗುವಿಗೆ ಬಿಸ್ಕತ್ತು, ಮನೆಗೆ ಕಾಲು ಕಿಲೋ ಕಾಫಿ ಪುಡಿ, ನೆರೆಮನೆಗೆ ಒಂದು ಹಿಡಿ ಕರಿಮೆಣಸು. ಚಿಲ್ಲರೆ ವ್ಯಾಪಾರವೆಂದರೆ ಇದೇ. ಆ ಚಿಲ್ಲರೆ ಅದೇ ಸಂಜೆ ಪೇಟೆಯಲ್ಲೇ ಕೈಬದಲಾಗುತ್ತದೆ: ಚಹದಂಗಡಿಯಿಂದ ಹಾಲಿನವನಿಗೆ, ಹಾಲಿನವನಿಂದ ಹಿಂಡಿಯ ಅಂಗಡಿಗೆ.

ಇನ್ನು ರೆಸಾರ್ಟಿನ ಅತಿಥಿಯ ದಿನಚರಿ ನೋಡಿ. ಅವನೂ ಹಳ್ಳಿ ನೋಡಲು ಒಂದು ದಿನದ ಸವಾರಿ ಹೊರಡುವವನೇ. ಬೆಳಗ್ಗೆ ನಾಣಚ್ಚಿಯಲ್ಲಿ ಸಫಾರಿ, ಮಧ್ಯಾಹ್ನ ಇರ್ಪು, ಸಂಜೆ ತೋಟದಲ್ಲಿ ನಡಿಗೆ. ವಾಹನ ರೆಸಾರ್ಟಿನದು, ಕುಡಿಯುವ ನೀರಿನ ಬಾಟಲಿ ರೆಸಾರ್ಟಿನದು, ಊಟದ ಡಬ್ಬಿಯೂ ರೆಸಾರ್ಟಿನದು. ಕೋಣೆಯ ಹಣ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಮೊದಲೇ ಜಮೆಯಾಗಿರುತ್ತದೆ. ದೊಡ್ಡ ಸಂಸ್ಥೆಗಳ ಅಡಿಗೆಮನೆಗೆ ತರಕಾರಿ ಕೂಡ ದೂರದ ಸಗಟು ಮಾರುಕಟ್ಟೆಯಿಂದ ಲಾರಿಯಲ್ಲಿ ನೇರವಾಗಿ ಬರುತ್ತದೆ. ಪೊನ್ನಂಪೇಟೆಯ ಬಜಾರಿನಲ್ಲಿ ಅವನ ಜೀಪು ಬಿಟ್ಟುಹೋಗುವುದು ಹೊಗೆ ಮತ್ತು ಧೂಳು. ಹೀಗಿದ್ದೂ ಅವನು ‘ಗುಣಮಟ್ಟದವನು’, ಐವತ್ತು ಚಹ ಕುಡಿದವರು ಭಾರ!

ಈ ಸವಾರಿಗಳಲ್ಲಿ ಹಳ್ಳಿಯೇ ಒಂದು ಪ್ರದರ್ಶನದ ವಸ್ತು. ಲೈನ್ ಮನೆಗಳ ಮುಂದೆ ಜೀಪು ನಿಧಾನವಾಗುತ್ತದೆ, ಕ್ಯಾಮರಾ ಹೊರಗೆ ಚಾಚುತ್ತದೆ. ಸೋರುವ ಮಾಡಿನ ಕೆಳಗೆ ಅನ್ನ ಬೇಯಿಸುತ್ತಿರುವ ಯರವ ಹೆಂಗಸು ಯಾರದೋ ಚಿತ್ರದಲ್ಲಿ ಸೇರಿಹೋಗುತ್ತಾಳೆ. ಮನೆ, ಕುಡಿಯುವ ನೀರು, ಔಷಧೋಪಚಾರ ಇವೆಲ್ಲ ತೋಟದ ಮಾಲೀಕನ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತ್ತು. 2025ರ ನವೆಂಬರಿನಲ್ಲಿ ಆ ಕಾಯಿದೆಯನ್ನೇ ಹೊಸ ಕಾರ್ಮಿಕ ಸಂಹಿತೆಯೊಳಗೆ ಕರಗಿಸಿದರು. ಮಾಡು ಮಾತ್ರ ಈಗಲೂ ಸೋರುತ್ತಿದೆ. ದೇವರಪುರದ ಕುಂಡೆ ಹಬ್ಬಕ್ಕೂ ಕ್ಯಾಮರಾಗಳು ಬರತೊಡಗಿವೆ. ವರ್ಷದಲ್ಲಿ ಒಂದು ದಿನ ವೇಷ ಕಟ್ಟಿ, ಎದುರು ಸಿಕ್ಕವರನ್ನು ಧಣಿಯೆಂದೂ ನೋಡದೆ ಬಾಯ್ತುಂಬ ಬೈಯುವ ಹಬ್ಬ ಅದು. ಬೈಗುಳ ತಿನ್ನಬೇಕಾದವರು ಅದನ್ನು ‘ಬುಡಕಟ್ಟು ಸಂಸ್ಕೃತಿ’ ಎಂದು ನೋಡಿ ನಕ್ಕು ಹೋಗುತ್ತಾರೆ.

ಜೇನಿನ ವಿಷಯವೂ ಇಷ್ಟೆ. 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳು ನಾಶವಾದವು. ಜೇನಿಗೆ ಹೆಸರಾದ ಕೊಡಗಿಗೂ ಆ ಏಟು ಬಿತ್ತು. ಪೆಟ್ಟಿಗೆಗಳು ಖಾಲಿಯಾದವು, ಆದರೆ ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ‘ಕೊಡಗಿನ ಶುದ್ಧ ಜೇನು’ ಮಾತ್ರ ಎಂದೂ ಖಾಲಿಯಾಗಲಿಲ್ಲ. ಅದು ಎಲ್ಲಿಂದ ಬರುತ್ತದೆಂದು ಕೇಳುವ ಅಧಿಕಾರಿ ಸುಂಕದ ಕಟ್ಟೆಯ ಮಾತು ಬಂದಾಗ ಮಾತ್ರ ಬಲು ಚುರುಕಾಗುತ್ತಾನೆ.

ಕಾಡು ಯಾರದು ಎಂಬ ಪ್ರಶ್ನೆಯೂ ಇದರೊಳಗೇ ಇದೆ. 1994ರಲ್ಲಿ ಸರಕಾರ ನಾಗರಹೊಳೆಯ ಒಳಗೆ, ಮೂರ್ಕಲ್ಲಿನಲ್ಲಿ, ತಾಜ್ ಗುಂಪಿನ ಹೋಟೆಲ್ ಕಂಪನಿಗೆ ಕಟ್ಟಡ ಮತ್ತು ಭೂಮಿಯನ್ನು ಗುತ್ತಿಗೆ ಕೊಟ್ಟಿತು. ಅದೇ ಕಾಡಿನಿಂದ ಜೇನುಕುರುಬರನ್ನೂ ಯರವರನ್ನೂ ‘ವನ್ಯಮೃಗಗಳಿಗೆ ತೊಂದರೆ’ ಎಂದು ಹೊರಗಟ್ಟಲಾಗಿತ್ತು. ಒಲೆಗೆ ಪುಳ್ಳೆ ಆರಿಸುವವನಿಂದ ಹುಲಿಗೆ ತೊಂದರೆ, ಹೋಟೆಲಿನ ದೀಪದಿಂದ ತೊಂದರೆಯಿಲ್ಲ! ಹಾಡಿಯ ಜನ ಸುಮ್ಮನಿರಲಿಲ್ಲ. ಅವರು ರಸ್ತೆಗಿಳಿದರು, ನ್ಯಾಯಾಲಯಕ್ಕೂ ಹೋದರು. 1997ರ ಜನವರಿಯಲ್ಲಿ ಹೈಕೋರ್ಟು ಆ ಗುತ್ತಿಗೆ ಅರಣ್ಯ ಕಾಯಿದೆಗೂ ವನ್ಯಜೀವಿ ಕಾಯಿದೆಗೂ ವಿರುದ್ಧವೆಂದು ತೀರ್ಪಿತ್ತಿತು. ಪತ್ರಿಕೆ ಓದಲು ಬಾರದ ಜನ ದೇಶದ ದೊಡ್ಡ ಬಂಡವಾಳಗಾರರ ಹೋಟೆಲನ್ನು ಕಾಡಿನಿಂದ ಹೊರಗಿಟ್ಟ ಈ ಸಂಗತಿಯನ್ನು ಗಿರಣಿಯ ಸಂಗಾತಿಗಳು ಮರೆಯಬಾರದು.

ಆದರೆ ಗೆದ್ದವರ ಪಾಲಿಗೆ ಮುಂದೆ ಬಂದದ್ದೇನು? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಇಲಾಖೆ ಕೆಡವಿಸಿತು. ಲೈನ್ ಮನೆಯ ಜೀತ ಸಾಕೆಂದು ಹೊರಬಂದು ಗುಡಿಸಲು ಕಟ್ಟಿಕೊಂಡವರು ಅವರು. 2025ರ ಮೇ ತಿಂಗಳಲ್ಲಿ ಸುಮಾರು 50 ಜೇನುಕುರುಬ ಕುಟುಂಬಗಳು, 2006ರ ಅರಣ್ಯ ಹಕ್ಕು ಕಾಯಿದೆಯನ್ನು ಕೈಯಲ್ಲಿ ಹಿಡಿದು, ಹಿಂದೆ ತಮ್ಮ ಹಿರಿಯರಿದ್ದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿದಾಗಲೂ ಎದುರು ನಿಂತದ್ದು ಇಲಾಖೆಯ ಸಿಬ್ಬಂದಿ ಮತ್ತು ಪೊಲೀಸರು. ಟಿಕೇಟು ಕೊಂಡವನು ಜೀಪಿನಲ್ಲಿ ಕೂತು ಒಳಗೆ ಹೋಗಬಹುದಾದ ಕಾಡಿಗೆ, ಅಲ್ಲೇ ಹುಟ್ಟಿದವನು ನಡೆದು ಹೋಗುವಂತಿಲ್ಲ.

ಸುಂಕದ ಕಟ್ಟೆಯವರು ಹೊರನಾಡಿನ ದೃಷ್ಟಾಂತ ಕೊಡುತ್ತಾರೆ. ಇಟಲಿಯ ವೆನಿಸ್ ಪಟ್ಟಣ 2024ರ ಏಪ್ರಿಲ್ 25ರಿಂದ ಕೆಲವು ದಿನಗಳಲ್ಲಿ ಒಳಬರುವ ದಿನಯಾತ್ರಿಕರಿಂದ 5 ಯೂರೋ ವಸೂಲು ಮಾಡತೊಡಗಿತು. ನಿಜ. ಆದರೆ ಅವರು ಹೇಳದೆ ಬಿಡುವ ಅರ್ಧವೂ ಇದೆ: ಹೋಟೆಲಿನಲ್ಲಿ ರಾತ್ರಿ ತಂಗುವವನಿಗೆ ಆ ಪ್ರವೇಶ ಶುಲ್ಕವಿಲ್ಲ, ಅವನು ತನ್ನ ತೆರಿಗೆಯನ್ನು ಹೋಟೆಲಿನಲ್ಲೇ ಕೊಡುತ್ತಾನೆ. ಅಂದರೆ ಅಲ್ಲಿ ಕೋಣೆಯ ಮೇಲೂ ತೆರಿಗೆ ಇದೆ. ನಮ್ಮವರು ಬಾಗಿಲ ಶುಲ್ಕವನ್ನಷ್ಟೇ ಆರಿಸಿಕೊಂಡು, ಕೋಣೆಯ ಮೇಲೆ ಊರಿಗೆ ಸಲ್ಲುವ ತೆರಿಗೆಯ ಮಾತನ್ನು ನುಂಗಿಬಿಡುತ್ತಾರೆ. ನಮ್ಮ ಪಕ್ಕದ ನೀಲಗಿರಿಯಲ್ಲಿ ಮದರಾಸು ಹೈಕೋರ್ಟಿನ ಆಜ್ಞೆಯಂತೆ 2024ರ ಮೇ 7ರಿಂದ ಇ-ಪಾಸು ಬಂತು. 2025ರ ಬೇಸಗೆಯಲ್ಲಿ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನ ಎಂದು ಮಿತಿ ಹಾಕಿದರು. ಆದರೆ ಸರಕಾರಿ ಬಸ್ಸನ್ನು ಬಿಟ್ಟುಕೊಟ್ಟರು. ಲೆಕ್ಕಕ್ಕೆ ಬಂದದ್ದು ಕಾರು, ಬಸ್ಸಿನ ಕೂಲಿಕಾರನಲ್ಲ. ಅಂಥ ಮಿತಿಯನ್ನು ಕೊಡಗಿಗೆ ತರುವುದಾದರೆ ನಮ್ಮ ವಿರೋಧವಿಲ್ಲ. ಐವತ್ತು ಜನ ಹತ್ತುವ ಒಂದು ಬಸ್ಸಿನ ಜಾಗವನ್ನು ಮೂರು ಕಾರುಗಳು ತುಂಬುತ್ತವೆ, ಒಳಗೆ ಎಂಟೋ ಹತ್ತೋ ಮಂದಿ.

ಕಸದ ಮಾತಿಗೆ ಉತ್ತರ ಹೇಳದೆ ಜಾರಿಕೊಳ್ಳುವುದಿಲ್ಲ. ಹೊಳೆಗೆ ಬಾಟಲಿ ಎಸೆಯುವವನು ಬಸ್ಸಿನವನಾದರೂ ದಂಡ ತೆರಲಿ. ಆದರೆ 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಬೆಟ್ಟ ಜರಿದದ್ದು ಬಾಳೆಹಣ್ಣಿನ ಸಿಪ್ಪೆಯಿಂದಲ್ಲ. ಮಿತಿಮೀರಿದ ಮಳೆಯೊಂದಿಗೆ, ಮನುಷ್ಯ ಇಳಿಜಾರು ಕಡಿದದ್ದನ್ನೂ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಕಾರಣವಾಗಿ ಹೇಳಿದರು. ಆಗ ಕೆಲವು ವಾರ ಪ್ರವಾಸಿಗಳನ್ನು ಜಿಲ್ಲೆಗೆ ಬಿಡಲಿಲ್ಲ. ಬೆಟ್ಟದ ಮೇಲೆ ಜೆಸಿಬಿ ಹತ್ತಿಸಿದವನಿಗೆ ಆ ವಾರಗಳಲ್ಲಿ ಊಟ ತಪ್ಪಲಿಲ್ಲ, ಜೀಪು ಓಡಿಸುವವನಿಗೂ ಚಹದಂಗಡಿಯವನಿಗೂ ತಪ್ಪಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಬೆಟ್ಟ ಇಳಿದಾಗ ಅದರ ಕೆಳಗೆ ಸಿಕ್ಕವರಲ್ಲಿ ಚಹ ತೋಟದ ಕೂಲಿಗಳೂ ಇದ್ದರು.

ಹಾಗಾದರೆ ಬೇರೆ ದಾರಿಯಿಲ್ಲವೆ? ಕುಟ್ಟ ದಾಟಿದರೆ ಕೇರಳ. ಅಲ್ಲಿನ ಸರಕಾರ 2008ರ ವೇಳೆಗೆ ಕೋವಳಂ ಕಡಲ ದಡ, ಕುಮರಗಂ, ತೇಕ್ಕಡಿ ಮತ್ತು ನಮ್ಮ ನೆರೆಯ ವಯನಾಡು ಈ ನಾಲ್ಕು ಕಡೆ ‘ಜವಾಬ್ದಾರಿ ಪ್ರವಾಸೋದ್ಯಮ’ ಎಂಬ ಪ್ರಯೋಗ ಆರಂಭಿಸಿತು. ಕುಮರಗಂನಲ್ಲಿ ಪಂಚಾಯತಿಯೂ ಕುಟುಂಬಶ್ರೀ ಹೆಂಗಸರ ಗುಂಪುಗಳೂ ಸೇರಿ ತರಕಾರಿ ಬೆಳೆದು ಹೋಟೆಲುಗಳಿಗೆ ಮಾರಿದವು. ಹೋಟೆಲಿನವರು ಊರಿನವರಿಂದ ಕೊಳ್ಳುವಂತಾಯಿತು. ಹಗ್ಗ ಹೊಸೆಯುವವಳ ಮನೆ, ಬಲೆ ಬೀಸುವವನ ದೋಣಿ ನೋಡಲು ಒಂದು ದಿನದ ಸವಾರಿ ಹೋದರೆ ಅವರಿಗೂ ಹಣ ಸಲ್ಲಬೇಕೆಂಬ ಕ್ರಮ ಬಂತು. ಅಲ್ಲಿ ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಕಡಲ ದಡವನ್ನೆಲ್ಲ ಹೋಟೆಲುಗಳು ನುಂಗಿದ ಮೇಲೆ ಬಂದ ಬುದ್ಧಿ ಅದು. ನಮ್ಮ ಗೋಕರ್ಣದಲ್ಲೋ ಆ ಬುದ್ಧಿಯೂ ಬಂದಿಲ್ಲ. ಅಲ್ಲಿನ ಕಡಲ ದಡದಲ್ಲಿ ತಂಗಿದವರನ್ನು ಯಾಣದ ಬಂಡೆಗೂ ಮಿರ್ಜಾನ್ ಕೋಟೆಗೂ ಕರೆದೊಯ್ದು ತರುವ ವ್ಯಾಪಾರ ಕೊಡಗಿನ ಅಚ್ಚಿನದೇ. ಆದರೂ ಸರಕಾರ ಮನಸ್ಸು ಮಾಡಿದರೆ ಹೋಟೆಲಿನವನ ಚೀಲದ ಬಾಯಿ ಹಳ್ಳಿಯ ಕಡೆಗೆ ತಿರುಗಿಸಬಹುದೆಂದು ಕುಮರಗಂ ತೋರಿಸಿದೆ.

ಎರಡು ಕೋಣೆ ಬಾಡಿಗೆಗೆ ಬಿಟ್ಟು, ಕಾಫಿಯ ಬೆಲೆ ಬಿದ್ದ ವರ್ಷ ಮನೆ ನಡೆಸುವ ಸಣ್ಣ ಬೆಳೆಗಾರ ನಮ್ಮ ಶತ್ರುವಲ್ಲ. ಅವನನ್ನು ಮುಂದೆ ನಿಲ್ಲಿಸಿ ಅವನ ಹಿಂದೆ ಅಡಗಿರುವವರು ಬೇರೆ.

ನಮ್ಮ ಬೇಡಿಕೆಗಳು ಸ್ಪಷ್ಟ. ಬಸ್ಸಿನಲ್ಲಿ ಬರುವವರ ಮೇಲೆ ಕೊಡಗಿನ ಬಾಗಿಲಲ್ಲಿ ಒಂದು ಕಾಸೂ ಸುಂಕ ಕೂಡದು. ಭಾನುವಾರ ಮತ್ತು ಹಬ್ಬಗಳಂದು ಗೋಣಿಕೊಪ್ಪಲಿನಿಂದ ಪೊನ್ನಂಪೇಟೆ, ಶ್ರೀಮಂಗಲದ ಮೂಲಕ ಇರ್ಪಿಗೂ ಕುಟ್ಟಕ್ಕೂ ಹೆಚ್ಚು ಬಸ್ಸು ಬಿಡಬೇಕು. ಸಫಾರಿ ಮತ್ತು ಜಲಪಾತದ ಟಿಕೇಟಿನ ಹಣದಲ್ಲಿ ಹಾಡಿಗೂ ಪಂಚಾಯತಿಗೂ ಪಾಲು ಸಲ್ಲಬೇಕು, ದಾರಿ ತೋರಿಸುವ ಕೆಲಸ ಹಾಡಿಯ ಯುವಕರಿಗೆ ಪೂರ್ತಿ ಸಂಬಳದೊಂದಿಗೆ ಸಿಗಬೇಕು. ಲೈನ್ ಮನೆಯ ಮುಂದೆ ಜೀಪು ನಿಲ್ಲಿಸುವ ತೋಟದ ಮಾಲೀಕ ಮೊದಲು ಆ ಮನೆಗೆ ಹೆಂಚು ಹೊದಿಸಲಿ.

1993ರ ಪಂಚಾಯತ್ ರಾಜ್ ಕಾಯಿದೆ ಗ್ರಾಮ ಪಂಚಾಯತಿಗೆ ಕಟ್ಟಡಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ಮುಂದಿನ ಗ್ರಾಮಸಭೆಗೆ ಅಂಗಡಿಯವರೂ ಲೈನ್ ಮನೆಯವರೂ ಒಟ್ಟಾಗಿ ಹೋಗಿ, ನಿಮ್ಮ ಊರಿನ ರೆಸಾರ್ಟಿನ ಎಷ್ಟು ಕಟ್ಟಡ ಲೆಕ್ಕದಲ್ಲಿದೆ, ಎಷ್ಟು ತೆರಿಗೆ ಬಾಕಿಯಿದೆ ಎಂದು ಪುಸ್ತಕ ತೆಗೆಸಿ ಓದಿಸಿ. ಓದಿ ಹೇಳಿದ್ದನ್ನು ಬರೆದು ಈ ಪತ್ರಿಕೆಗೆ ಕಳಿಸಿದರೆ ಹಳ್ಳಿಯ ಹೆಸರಿನೊಂದಿಗೆ ಅಚ್ಚುಹಾಕುತ್ತೇವೆ.