ಯಾರು ಕೇಳಿದ್ರೂ ನಂಬರ್ ಒದರೋ ಕಾರ್ಡು

ಟ್ರಾನ್ಸ್‌ಮಿಟರ್, ರೆಸ್ಪಾಂಡರ್ ಎರಡೂ ಸೇರಿದ್ರೆ ಟ್ರಾನ್ಸ್‌ಪಾಂಡರ್. ಕೇಳಿದಾಗ ಉತ್ತರ ಕೊಡೋದೇ ಅದರ ಕೆಲಸ. ನೆಲದ ರಾಡಾರ್ 1030 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತೆ, ವಿಮಾನ 1090ರಲ್ಲಿ ತನ್ನ ಗುರುತು, ಎತ್ತರ ಹೇಳುತ್ತೆ. ಟೋಲ್‌ನಲ್ಲಿ ಫಾಸ್ಟ್ಯಾಗ್ ಮಾಡೋದೂ ಇದನ್ನೇ. ಆದರೆ ಅದಕ್ಕೆ ಬ್ಯಾಟರಿ ಇಲ್ಲ. ರೀಡರ್ ಕಳಿಸಿದ ಅಲೆಯಿಂದಲೇ ಶಕ್ತಿ ಪಡೆದು, ಅದೇ ಅಲೆಗೆ ತನ್ನ ನಂಬರ್ ಬೆರೆಸಿ ವಾಪಸ್ ಕಳಿಸುತ್ತೆ.

ನನ್ನ ತಕರಾರು ಕೊರಳಲ್ಲಿ ನೇತಾಡೋ ಐಡಿ ಕಾರ್ಡಿನ ಬಗ್ಗೆ. ಹಲವು ಕಡೆ ಬಳಕೆಯಲ್ಲಿರುವ 125 ಕಿಲೋಹರ್ಟ್ಸ್‌ನ ಅಗ್ಗದ ಕಾರ್ಡು ಕೇಳಿದವರಿಗೆಲ್ಲ ಅದೇ ನಂಬರ್ ಒದರುತ್ತೆ. ‘ನೀನ್ಯಾರು?’ ಅಂತ ತಿರುಗಿ ಕೇಳೋದಿಲ್ಲ. ಹತ್ತಿರ ರೀಡರ್ ಹಿಡಿದವರು ನಕಲು ಮಾಡಿಬಿಡಬಹುದು. ಆಮೇಲೆ ಹಾಸ್ಟೆಲ್ ಬಾಗಿಲು, ಲೈಬ್ರರಿ, ಅಟೆಂಡೆನ್ಸ್ ಎಲ್ಲ ಕಡೆ ನಿಮ್ಮ ಹೆಸರಲ್ಲಿ ಇನ್ಯಾರೋ.

ಇಮ್ಮೊಬಿಲೈಸರ್ ಇರೋ ಕಾರಿನ ಕೀ ಇದಕ್ಕಿಂತ ಜಾಣ. ಕಾರು ಪ್ರತಿ ಸಲ ಹೊಸ ಸಂಖ್ಯೆ ಕೊಡುತ್ತೆ. ಕೀಯೊಳಗಿನ ಚಿಪ್ ಗುಟ್ಟಿನ ಲೆಕ್ಕ ಮಾಡಿ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಎಂಜಿನ್ ಸ್ಟಾರ್ಟ್. ನಿನ್ನೆಯ ಉತ್ತರ ಕದ್ದರೆ ಇವತ್ತು ಪ್ರಯೋಜನವಿಲ್ಲ.

ವರ್ಷಾ ವರ್ಷ ನಾವೂ ಆರ್‌ಎಫ್‌ಐಡಿ ಅಟೆಂಡೆನ್ಸ್ ಅಂತ ಮಿನಿ ಪ್ರಾಜೆಕ್ಟ್ ಮಾಡ್ತೀವಿ. ಕಾರ್ಡ್ ತೋರಿಸಿ, ಲೈಟ್ ಹತ್ತಿದ್ರೆ ಮಾರ್ಕ್ಸ್! ಇನ್ಮೇಲೆ ನಕಲಿ ಕಾರ್ಡಿಗೂ ಲೈಟ್ ಹತ್ತುತ್ತಾ ಅಂತ ನೋಡಿಯೇ ಮಾರ್ಕ್ಸ್ ಕೊಡಲಿ.