ಕೋಶ ವಿಭಜನೆಗೆ ತಡೆ

ಜೀವಕೋಶ ಮನಬಂದಂತೆ ಇಬ್ಭಾಗವಾಗುವುದಿಲ್ಲ. ಮೊದಲು ಬೆಳೆಯಬೇಕು, ಡಿಎನ್‌ಎ ನಕಲಾಗಬೇಕು, ನಕಲಿನ ತಪ್ಪುಗಳು ಸರಿಹೋಗಬೇಕು. ವರ್ಣತಂತುಗಳ ಹಂಚಿಕೆ ಆಮೇಲಿನದು. ಈ ಸರದಿಯನ್ನು ನಡೆಸುವ ಸಿಡಿಕೆ ಕಿಣ್ವಗಳು ಸೈಕ್ಲಿನ್ ಎಂಬ ಪ್ರೋಟೀನು ಜೊತೆಗೂಡದೆ ಕೆಲಸಕ್ಕಿಳಿಯವು. ಸೈಕ್ಲಿನ್ ಪ್ರತಿ ಸುತ್ತಿನಲ್ಲೂ ಶೇಖರವಾಗಿ ನಾಶವಾಗುವುದನ್ನು ಟಿಮ್ ಹಂಟ್ 1982ರಲ್ಲಿ ಸೀ ಅರ್ಚಿನ್ ಎಂಬ ಕಡಲಜೀವಿಯ ಮೊಟ್ಟೆಗಳಲ್ಲಿ ಗುರುತಿಸಿದರು. ಯೀಸ್ಟ್‌ನಲ್ಲಿ ದುಡಿದ ಲೆಲಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ ಅವರೊಂದಿಗೆ ಹಂಟ್ 2001ರ ನೊಬೆಲ್ ಹಂಚಿಕೊಂಡರು.

ಯಾವ ಹಂತ ಏನು ಮಾಡುತ್ತದೆಂದು ತಿಳಿಯಲು ಅದನ್ನು ನಿಲ್ಲಿಸಿ ನೋಡುವುದೇ ನೇರ ದಾರಿ. ಅಫಿಡಿಕೊಲಿನ್ ಎಂಬ ರಾಸಾಯನಿಕ ಡಿಎನ್‌ಎ ನಕಲನ್ನು ತಡೆಯುತ್ತದೆ. ನೊಕೊಡಜೋಲ್ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮನಾಳಗಳನ್ನು ಕೆಡಿಸುತ್ತದೆ. ಇವನ್ನು ತೊಳೆದು ತೆಗೆದರೆ ಕೋಶಗಳೆಲ್ಲ ಒಟ್ಟಿಗೆ ಮುಂದುವರಿಯುತ್ತವೆ. ನಮ್ಮ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇರುವ ಕೊಲ್ಚಿಸಿನ್ ಕೂಡ ಸೂಕ್ಷ್ಮನಾಳಗಳನ್ನೇ ಕೆಡಿಸುತ್ತದೆ. ಅದರ ನೆರವಿನಿಂದಲೇ 1956ರಲ್ಲಿ ಟಿಜೋ ಮತ್ತು ಲೆವಾನ್ ಮನುಷ್ಯನ ವರ್ಣತಂತುಗಳು 48 ಅಲ್ಲ, 46 ಎಂದು ತೋರಿಸಿದರು. ಸಿಡಿಕೆ 4 ಮತ್ತು 6ನ್ನು ತಡೆಯುವ ಪಾಲ್ಬೊಸಿಕ್ಲಿಬ್ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ನ ಔಷಧವೂ ಆಯಿತು.

ಆದರೆ ತಡೆಕಾರಕಗಳು ಗುರಿಯಿಟ್ಟ ಕಿಣ್ವವನ್ನಷ್ಟೇ ಮುಟ್ಟುವುದು ಅಪರೂಪ. ಒಂದೇ ತಡೆಕಾರಕವನ್ನು ನಂಬಿದ ತೀರ್ಮಾನ, ಆ ಕಿಣ್ವದ ಜೀನನ್ನೇ ತೆಗೆದು ಪರೀಕ್ಷಿಸುವವರೆಗೆ ಅರೆಬೆಂದದ್ದು.